ಉಪ್ಪಿನ ಊರಿನಲ್ಲಿ ಡ್ಯೂಕರ ಜಾಡು

ಉತ್ತರ ಜರ್ಮನಿಯ ಬ್ರೌನ್‌ಷ್ವೈಗ್ ನಗರದ ಕೋಟೆ ಚೌಕದಲ್ಲಿ ಎತ್ತರದ ಪೀಠದ ಮೇಲೆ ಬಾಯಿ ತೆರೆದು ನಿಂತಿರುವ ಕಂಚಿನ ಸಿಂಹ ಒಂದು ಪ್ರತಿಕೃತಿ. 1166ರ ಸುಮಾರಿಗೆ ಎರಕ ಹೊಯ್ದ ಮೂಲ ವಿಗ್ರಹವನ್ನು ಪಕ್ಕದ ಡಾಂಕ್‌ವಾರ್ಡರೋಡೆ ಕೋಟೆಯೊಳಗೆ ಕಾಪಾಡಿದ್ದಾರೆ. ಅದನ್ನು ಮಾಡಿಸಿದವನು ‘ಸಿಂಹ’ನೆಂದೇ ಹೆಸರಾದ ಹೈನ್ರಿಖ್. ಸ್ಯಾಕ್ಸನಿ, ಬವೇರಿಯಾ ಎರಡಕ್ಕೂ ಡ್ಯೂಕ್ ಆಗಿದ್ದ ಈತ 1180ರಲ್ಲಿ ಎರಡನ್ನೂ ಕಳೆದುಕೊಂಡ. ಇಟಲಿಯ ದಂಡಯಾತ್ರೆಗೆ ನೆರವು ಕೊಡಲಿಲ್ಲವೆಂದು ಅವನ ಮೇಲೆ ಮುನಿದ ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸ ಹೊರಗಿನವನೇನಲ್ಲ; ಹೈನ್ರಿಖ್ ಅವನ ಸೋದರಮಾವನ ಮಗ.

ಎದುರಿನ ಚರ್ಚಿನಲ್ಲಿ ಹೈನ್ರಿಖ್ ಮತ್ತು ಅವನ ಪತ್ನಿ, ಇಂಗ್ಲೆಂಡಿನ ರಾಜಕುಮಾರಿ ಮಟಿಲ್ಡಾ, ಇವರ ಸಮಾಧಿಯಿದೆ. ಮುಪ್ಪಿನಲ್ಲಿ ಸತ್ತ ದೊರೆಯನ್ನು ಶಿಲ್ಪಿ ತರುಣನನ್ನಾಗಿಯೇ ಕಡೆದಿದ್ದಾನೆ. ಒಂದು ಕೈಯಲ್ಲಿ ತಾನೇ ಕಟ್ಟಿಸಿದ ಈ ಚರ್ಚಿನ ಪುಟ್ಟ ಮಾದರಿ, ಇನ್ನೊಂದರಲ್ಲಿ ಖಡ್ಗ. ಮಲಗಿದ ವಿಗ್ರಹಗಳಾದರೂ ಉಡುಪಿನ ನೆರಿಗೆಗಳು ನಿಂತವರ ಬಟ್ಟೆಯಂತೆ ಪಾದದತ್ತ ಇಳಿದಿವೆ. ದೊಡ್ಡ ಪದವಿಗಳು ಹೋದರೂ ಅವನಿಗೆ ಬ್ರೌನ್‌ಷ್ವೈಗ್ ಮತ್ತು ಲ್ಯೂನೆಬರ್ಗ್ ಸುತ್ತಮುತ್ತಲ ಪಿತ್ರಾರ್ಜಿತ ಭೂಮಿ ಉಳಿದಿತ್ತು. 1235ರಲ್ಲಿ ಮೊಮ್ಮಗ ಓಟೊ ಅದನ್ನು ಚಕ್ರವರ್ತಿ ಎರಡನೆಯ ಫ್ರೆಡರಿಕನಿಗೆ ಒಪ್ಪಿಸಿ, ಅವನಿಂದಲೇ ಡ್ಯೂಕ್ ಪದವಿಯ ಸಮೇತ ಮರಳಿ ಪಡೆದ. ಬ್ರೌನ್‌ಷ್ವೈಗ್-ಲ್ಯೂನೆಬರ್ಗ್ ಸಂಸ್ಥಾನ ಹುಟ್ಟಿದ್ದು ಹೀಗೆ. ಓಟೊನ ಮಕ್ಕಳ ಕಾಲದಲ್ಲೇ ಪಾಲಾಗತೊಡಗಿದ ಈ ರಾಜ್ಯ ಮುಂದೆ ಎಷ್ಟು ಹೋಳಾಯಿತೆಂದರೆ, ಅದರ ವಂಶವೃಕ್ಷವನ್ನು ನೋಡುತ್ತಾ ಕುಳಿತರೆ ತಲೆ ಕೆಡುವುದು ಖಂಡಿತ.

ಡ್ಯೂಕರಿಗಿಂತ ಅವರ ಬೊಕ್ಕಸದ ಮೂಲ ನನಗೆ ಹೆಚ್ಚು ಕುತೂಹಲಕಾರಿ ಎನಿಸಿದ್ದರಿಂದ ಅಲ್ಲಿಂದ ರೈಲಿನಲ್ಲಿ ಲ್ಯೂನೆಬರ್ಗಿಗೆ ಹೋದೆ. ಕೆಂಪು ಇಟ್ಟಿಗೆಯ, ಮೆಟ್ಟಿಲಾಕಾರದ ಮುಂಗೋಡೆಗಳ ಈ ಊರು ನಿಂತಿರುವುದೇ ಉಪ್ಪಿನ ಮೇಲೆ. ಕೆಸರಿನಲ್ಲಿ ಹೊರಳಿದ ಕಾಡುಹಂದಿಯ ಕೂದಲಿನಲ್ಲಿ ಬಿಳಿಯ ಹರಳುಗಳು ಹೊಳೆದದ್ದನ್ನು ಬೇಟೆಗಾರರು ಕಂಡರೆಂಬುದು ಊರಿನ ಐತಿಹ್ಯ. ಉಪ್ಪಿನ ಕೆಲಸದ ಲಿಖಿತ ದಾಖಲೆಯಂತೂ 956ರಷ್ಟು ಹಿಂದಿನದು. ಹಳೆಯ ಕಾರ್ಖಾನೆ ಈಗ ಉಪ್ಪಿನ ವಸ್ತುಸಂಗ್ರಹಾಲಯ. ಮಧ್ಯಯುಗದಲ್ಲಿ ಇಲ್ಲಿ 54 ಕುದಿಸುವ ಮನೆಗಳಿದ್ದವು; ಒಂದೊಂದರಲ್ಲಿ ನಾಲ್ಕು ಸೀಸದ ಬಾಣಲೆಗಳು. ನೆಲದಡಿಯಿಂದ ಎತ್ತಿದ ಉಪ್ಪುನೀರನ್ನು ಸೌದೆಯುರಿಯಲ್ಲಿ ಬತ್ತಿಸಿ ತೆಗೆದ ಉಪ್ಪು ಲ್ಯೂಬೆಕ್ ಬಂದರಿಗೆ ಹೋಗುತ್ತಿತ್ತು. ಬಾಲ್ಟಿಕ್ ಸಮುದ್ರದ ಹೆರಿಂಗ್ ಮೀನು ಕೆಡದಂತೆ ಇಡಲು ಅದು ಬೇಕೇ ಬೇಕಾಗಿತ್ತು. ಮೊದಲು ಗಾಡಿಗಳಲ್ಲಿ, 1398ರಿಂದ ಸ್ಟೆಕ್‌ನಿಟ್ಸ್ ಕಾಲುವೆಯ ದೋಣಿಗಳಲ್ಲಿ ಅದರ ಸಾಗಾಟ ನಡೆಯಿತು.

ಹೀಗೆ ಹಣ ಕೂಡಿದ ಊರಿನವರು ಒಡೆಯನಿಗೆ ಅಂಜಿ ಬಾಳುವುದು ಕಷ್ಟ. 1369ರಲ್ಲಿ ಡ್ಯೂಕ್ ವಿಲ್‌ಹೆಲ್ಮ್ ಗಂಡುಸಂತಾನವಿಲ್ಲದೆ ಸತ್ತಾಗ ಉತ್ತರಾಧಿಕಾರದ ಯುದ್ಧ ಹತ್ತಿಕೊಂಡಿತು. 1371ರ ಫೆಬ್ರುವರಿ 1ರಂದು ನಾಗರಿಕರು ಪಕ್ಕದ ಕಾಲ್ಕ್‌ಬರ್ಗ್ ಗುಡ್ಡವನ್ನೇರಿ ಡ್ಯೂಕರ ಕೋಟೆಯನ್ನು ಹಿಡಿದು ಕೆಡವಿದರು. ಅದೇ ಅಕ್ಟೋಬರಿನಲ್ಲಿ ಹೈನ್ರಿಖನ ವಂಶದ ಡ್ಯೂಕ್ ಮಾಗ್ನುಸನ ಸೈನಿಕರು ರಾತ್ರಿ ಹೊತ್ತು ನುಗ್ಗಿದಾಗ ಊರಿನವರು ಅವರನ್ನು ಬೀದಿಬೀದಿಗಳಲ್ಲಿ ಹೊಡೆದಟ್ಟಿದರು. 1388ರಲ್ಲಿ ಯುದ್ಧವನ್ನು ಗೆದ್ದದ್ದು ಹೈನ್ರಿಖನ ವಂಶವೇ. ಆದರೂ ಅವರ ರಾಜಧಾನಿ ಸೆಲ್ಲೆ ಎಂಬ ಇನ್ನೊಂದು ಊರಿಗೆ ಹೋಯಿತು. ಆ ಗುಡ್ಡವೂ ಈಗ ಮೊದಲಿನಷ್ಟಿಲ್ಲ. ಕಟ್ಟಡದ ಗಾರೆಗೆಂದು ಜಿಪ್ಸಮ್ ಅಗೆದು ಅಗೆದು ಅದನ್ನು ಕರಗಿಸಿದ್ದಾರೆ.

ಕೋಟೆಯೊಂದಿಗೆ ಅಳಿದ ಕ್ರೈಸ್ತ ಮಠವನ್ನು ಊರೊಳಗೆ ಕಟ್ಟಿದರು. ಮುಂದೆ, ಹೆಸರಾಂತ ಜರ್ಮನ್ ಸಂಗೀತಕಾರ ಬಾಖ್ ಹುಡುಗನಾಗಿದ್ದಾಗ ಹಾಡಿದ ಸಂತ ಮಿಖಾಯೆಲರ ಚರ್ಚು ಅದೇ. ಒಳಗಿನ ಕಂಬಗಳು ಬರಿಗಣ್ಣಿಗೇ ವಾಲಿರುವುದು ಕಾಣುತ್ತದೆ. ಶತಮಾನಗಳ ಕಾಲ ಉಪ್ಪು ತೆಗೆದ ನೆಲ ಕುಸಿಯುತ್ತಿದೆ. ಸಂತ ಲಾಂಬರ್ಟರ ಚರ್ಚನ್ನು ಇದೇ ಕಾರಣಕ್ಕೆ 19ನೆಯ ಶತಮಾನದಲ್ಲಿ ಕೆಡವಬೇಕಾಯಿತು. ಫ್ರೊಮ್ಮೆ ಬೀದಿಯಲ್ಲಿ ಒಂದು ಕಬ್ಬಿಣದ ಗೇಟಿನ ಎರಡು ಬಾಗಿಲುಗಳು, ನೆಲ ಒತ್ತರಿಸಿದ್ದರಿಂದ, ಒಂದರ ಮೇಲೊಂದು ಜರುಗಿ ನಿಂತಿವೆ. ಉಪ್ಪಿನ ಕಾರ್ಖಾನೆ ಮುಚ್ಚಿದ್ದು 1980ರಲ್ಲಿ.

ಕೊನೆಗೆ ಸೆಲ್ಲೆಯ ಅರಮನೆಯನ್ನೂ ನೋಡಿದೆ. 1705ರಲ್ಲಿ ಅಲ್ಲಿಯ ಕೊನೆಯ ಡ್ಯೂಕ್ ತೀರಿಕೊಂಡು ರಾಜ್ಯ ಹನೋವರಿನ ಗೇಯಾರ್ಗ್ ಲುಡ್‌ವಿಗನ ಪಾಲಾಯಿತು; ಆತ 1714ರಲ್ಲಿ ಬ್ರಿಟನ್ನಿನ ಮೊದಲನೆಯ ಜಾರ್ಜ್ ದೊರೆಯಾದ. ಅವನ ಮರಿಮಗ ಮೂರನೆಯ ಜಾರ್ಜ್ ಕಾಲದಲ್ಲಿ ಹನೋವರಿನ ಎರಡು ಪಡೆಗಳು ಈಸ್ಟ್ ಇಂಡಿಯಾ ಕಂಪನಿಗಾಗಿ ಮದರಾಸಿಗೆ ಬಂದವು. ಎರಡನೆಯ ಆಂಗ್ಲೋ-ಮೈಸೂರು ಯುದ್ಧದಲ್ಲಿ, 1783ರಲ್ಲಿ, ಮೈಸೂರಿನ ಮಿತ್ರರಾದ ಫ್ರೆಂಚರ ವಿರುದ್ಧ ಕಡಲೂರಿನಲ್ಲಿ ಕಾದಿದವರಲ್ಲಿ ಈ ಸೀಮೆಯ ಸೈನಿಕರೂ ಇದ್ದರು.