ಮೂರನೇ ಇವಾಂಗೆಲಿಯನ್ ಬಿಟ್ಟು ನಾಲ್ಕನೆಯದು ನೋಡಬಹುದಾ?

ಅನಿಮೆ (ಜಪಾನಿನ ಅನಿಮೇಷನ್) ನೋಡುವ ಗೆಳೆಯರು ನನ್ನನ್ನು ಪದೇ ಪದೇ ಕೇಳುತ್ತಾರೆ: "ಇವಾಂಗೆಲಿಯನ್ ಹೊಸ ಸಿನಿಮಾಗಳಲ್ಲಿ ಮೊದಲ ಎರಡು ತುಂಬಾ ಇಷ್ಟವಾದವು. ಮೂರನೆಯದರ ತಲೆಬುಡ ಗೊತ್ತಾಗಲಿಲ್ಲ. ಅದನ್ನು ಬಿಟ್ಟು ಕೊನೆಯದಕ್ಕೆ ಹೋಗಬಹುದಾ?"

ದಯವಿಟ್ಟು ಬಿಡಬೇಡಿ. ನಾಲ್ಕು ಸಿನಿಮಾಗಳ ಪೈಕಿ ನನ್ನನ್ನು ತುಂಬಾ ಕಾಡಿದ್ದು ಆ ಮೂರನೆಯದೇ. (ಮುಂದೆ ಕಥೆಯ ಗುಟ್ಟುಗಳಿವೆ.)

ಮೂಲ ಇವಾಂಗೆಲಿಯನ್ 1995ರಲ್ಲಿ ಜಪಾನಿನ ಟಿವಿಯಲ್ಲಿ ಶುರುವಾದ 26 ಕಂತುಗಳ ಧಾರಾವಾಹಿ. ಶಿಂಜಿ ಎಂಬ 14 ವರ್ಷದ ಹುಡುಗ ದೈತ್ಯ ಯಂತ್ರದೊಳಗೆ ಕೂತು ಹೋರಾಡಬೇಕಾದ ಕಥೆ. ನಿರ್ದೇಶಕ ಹಿದೆಯಾಕಿ ಆನ್ನೊ ಆಮೇಲೆ ಸ್ವಂತ ಸ್ಟುಡಿಯೋ ಕಟ್ಟಿ ಅದನ್ನೇ ಸಿನಿಮಾಗಳಲ್ಲಿ ಹೊಸದಾಗಿ ಹೇಳಲು ಹೊರಟರು. 2007ರ ಮೊದಲನೆಯದು ಹೆಚ್ಚುಕಡಿಮೆ ಹಳೆಯ ದಾರಿಯಲ್ಲೇ ಹೋಯಿತು. 2009ರ ಎರಡನೆಯದರ ಕೊನೆಯಲ್ಲಿ ಶಿಂಜಿ, ರೇ ಎಂಬ ಹುಡುಗಿಯನ್ನು ಉಳಿಸಲು ಎಲ್ಲವನ್ನೂ ಪಣಕ್ಕಿಡುತ್ತಾನೆ. ಅವನ ಮೇಲಧಿಕಾರಿ ಮಿಸಾತೊ "ಹೋಗು, ನಿನಗಾಗಿ ಹೋಗು" ಎಂಬ ಅರ್ಥದಲ್ಲಿ ಕೂಗುತ್ತಾಳೆ. ನೋಡುತ್ತಿದ್ದ ನಾನೂ ಹಾಗೇ ಅಂದುಕೊಂಡಿದ್ದೆ.

2012ರ ಮೂರನೆಯದು ಶುರುವಾಗುವ ಹೊತ್ತಿಗೆ 14 ವರ್ಷ ಕಳೆದಿದೆ. ಶಿಂಜಿ ಎದ್ದರೆ ಯಾರೂ ಸರಿಯಾಗಿ ಮುಖ ಕೊಟ್ಟು ಮಾತಾಡುವುದಿಲ್ಲ. ಅವನ ಕುತ್ತಿಗೆಗೆ ಸ್ಫೋಟಕದ ಪಟ್ಟಿ ಕಟ್ಟಿದ್ದಾರೆ. ಅದೇ ಮಿಸಾತೊ, ಇನ್ನು ಮುಂದೆ ನೀನೇನೂ ಮಾಡಬೇಡ ಅನ್ನುತ್ತಾಳೆ. ಅವನು ರೇಯನ್ನು ಉಳಿಸಲು ಹೋದಾಗ ಭೂಮಿಯೇ ಹಾಳಾಗಿದೆ. ನಾವು ಅವನ ಜೊತೆ ಖುಷಿಪಟ್ಟದ್ದು ಅದಕ್ಕೇ ಅಲ್ವಾ? ನಮಗೂ ಏನೂ ಗೊತ್ತಾಗದೆ ಕಸಿವಿಸಿಯಾಗುವುದು ಅದಕ್ಕೇ.

ಇಲ್ಲೊಂದು ತಪ್ಪಿದೆ, ಒಪ್ಪುತ್ತೇನೆ. ಶಿಂಜಿ ಎದ್ದದ್ದು ಮಿಸಾತೊಳ ಹಾರುವ ಯುದ್ಧನೌಕೆಯಲ್ಲಿ; ಅಲ್ಲಿ ಯಾರಾದರೂ ಹತ್ತು ನಿಮಿಷ ಕೂತು ಎಲ್ಲ ಬಿಡಿಸಿ ಹೇಳಿದ್ದರೆ ಹುಡುಗ ಓಡಿಹೋಗುತ್ತಿರಲಿಲ್ಲ. ಕಥೆ ಮುಂದೆ ಹೋಗಲಿ ಅಂತ ಅವರ ಬಾಯಿ ಕಟ್ಟಿದ್ದಾರೆ ಅನಿಸುತ್ತದೆ. ಶುರುವಿನ ಬಾಹ್ಯಾಕಾಶದ ಕಾದಾಟವೂ ಅಷ್ಟೇ, ಯಾರು ಎಲ್ಲಿದ್ದಾರೆ ಅಂತ ಹಿಡಿಯುವುದು ಕಷ್ಟ.

ಆದರೆ ಆಮೇಲೆ ಪಿಯಾನೋ ಬರುತ್ತದೆ. ಪಾಳುಬಿದ್ದ ಜಾಗದಲ್ಲಿ ಕಾವೊರು ಎಂಬ ಹುಡುಗ ಶಿಂಜಿಯನ್ನು ಜೊತೆಗೆ ನುಡಿಸಲು ಕೂರಿಸುತ್ತಾನೆ. ಚೆನ್ನಾಗಿದೆ ಅನಿಸುವವರೆಗೂ ಅದನ್ನೇ ಮತ್ತೆ ಮತ್ತೆ ನುಡಿಸು ಎಂದು ಕಲಿಸುತ್ತಾನೆ. ಶಿಂಜಿಯ ಕುತ್ತಿಗೆಯ ಪಟ್ಟಿಯನ್ನು ತೆಗೆದು ತಾನೇ ಹಾಕಿಕೊಳ್ಳುತ್ತಾನೆ. ನಂತರ ಇಬ್ಬರೂ ಎರಡು ಭರ್ಜಿಗಳನ್ನು ಕಿತ್ತು ಲೋಕವನ್ನು ಸರಿಮಾಡಲು ಇಳಿಯುತ್ತಾರೆ. ಏನೋ ತಪ್ಪಾಗಿದೆ ಅಂತ ಕಾವೊರು ತಡೆದರೂ ಶಿಂಜಿ ಕೇಳುವುದಿಲ್ಲ. ಆ ಪಟ್ಟಿ ಸಿಡಿದು ಕಾವೊರು ಅವನ ಕಣ್ಣೆದುರೇ ಸಾಯುತ್ತಾನೆ.

ಹಳೆಯ ಕಥೆಯನ್ನು ಮತ್ತೆ ಮಾಡಲು ಹೊರಟ ನಿರ್ದೇಶಕನೇ, ಮತ್ತೆ ಮಾಡುವುದು ಅಷ್ಟು ಸುಲಭವಲ್ಲ ಎಂದು ತನ್ನದೇ ಸಿನಿಮಾದಲ್ಲಿ ತೋರಿಸುತ್ತಿದ್ದಾನೆ. ಇಂಥ ಧೈರ್ಯ ನನಗೆ ಬೇರೆ ಯಾವ ರೀಮೇಕ್‌ನಲ್ಲೂ ಕಂಡಿಲ್ಲ. ಆ ಸಿನಿಮಾದ ನಂತರ ತಾನು ಮಾನಸಿಕವಾಗಿ ಕುಸಿದುಹೋಗಿದ್ದೆ ಎಂದು ಆನ್ನೊ ಬಹಿರಂಗವಾಗಿಯೇ ಬರೆದಿದ್ದಾರೆ. ನಾಲ್ಕನೆಯದು ಬಂದದ್ದು 2021ರಲ್ಲಿ.

ಅದರ ಮೊದಲ ಭಾಗದ ಬಹುಪಾಲು ಒಂದು ಪುಟ್ಟ ಹಳ್ಳಿಯಲ್ಲಿ ನಡೆಯುತ್ತದೆ. ಬದುಕುಳಿದವರು ಗದ್ದೆಯಲ್ಲಿ ನಾಟಿ ಮಾಡುತ್ತಿದ್ದಾರೆ. ಶಿಂಜಿ ಮಾತಾಡುವುದಿಲ್ಲ, ಊಟ ಮುಟ್ಟುವುದಿಲ್ಲ. ಅವನಂತೆಯೇ ದೈತ್ಯ ಯಂತ್ರ ನಡೆಸುವ ಅಸುಕಾ ಎಂಬ ಹುಡುಗಿಯ ಕುತ್ತಿಗೆಯಲ್ಲಿ ಅಂಥದ್ದೇ ಪಟ್ಟಿ ಕಂಡ ಕೂಡಲೇ ವಾಂತಿ ಮಾಡಿಕೊಳ್ಳುತ್ತಾನೆ.

ಆ ವಾಂತಿ ಯಾಕೆ ಅಂತ ಮೂರನೆಯದರಲ್ಲಿ ಮಾತ್ರ ಇದೆ. ಎರಡನೆಯದು ಮುಗಿದ ರಾತ್ರಿಯೇ ಅದನ್ನು ಹಾಕಿ, ಮಿಸಾತೊಳ ಆ ಕೂಗು ಕಿವಿಯಲ್ಲಿ ಇನ್ನೂ ಇರುವಾಗಲೇ.