ಎಡಗಾಲಿನ ಬ್ಯಾಕ್ ಔಟ್‌ಸೈಡ್: ಕೊನೆಗೂ ಒಂದೇ ಗೆರೆ

ಐಸ್ ಮೇಲಿನ ಫಿಗರ್ ಸ್ಕೇಟಿಂಗ್‌ನಲ್ಲಿ ಕೊನೆಗೂ ಬಂತು ಕಣ್ರೀ! ಎಡಗಾಲಿನ ಬ್ಯಾಕ್ ಔಟ್‌ಸೈಡ್ ಎಡ್ಜ್ (ಬ್ಲೇಡಿನ ಹೊರ ಅಂಚಿನ ಮೇಲೆ ಹಿಂದಕ್ಕೆ ಜಾರುವುದು) ಅರ್ಧವೃತ್ತ ಮುಗಿಯುವವರೆಗೂ ಒಂದೇ ಗೆರೆ ಬಿಟ್ಟಿದೆ. ಬಲಗಾಲು ಮೊದಲಿಂದಲೂ ಸಾಧು ಪ್ರಾಣಿ, ಅದರ ಸುದ್ದಿ ಬೇಡ. ಮೊಹಾಕ್, ಥ್ರೀ ಟರ್ನ್ ಎಂಬ ತಿರುವುಗಳ ಪುರಾಣವೂ ಈ ಸಲ ಇಲ್ಲ.

ಟೊರೊಂಟೊದಲ್ಲಿ ಐಸ್‌ಗೆ ಬರವಿಲ್ಲ, ಬೆಳಗಿನ ಸೆಷನ್‌ಗೆ ಏಳುವವರಿಗೆ ಮಾತ್ರ ಬರ. ಐಸ್ ನಯಗೊಳಿಸುವ ಝಾಂಬೊನಿ ಯಂತ್ರ ಆಗಷ್ಟೇ ಓಡಾಡಿ ಹೋದ ಐಸ್ ಮೇಲೆ ಗೆರೆ ಸುಳ್ಳು ಹೇಳುವುದಿಲ್ಲ. ಮುಂಚೆ ನನ್ನ ಗೆರೆ ಶುರುವಿನಲ್ಲಿ ತೆಳ್ಳಗೆ ಒಂದೇ ಇರುತ್ತಿತ್ತು. ಫ್ರೀ ಲೆಗ್ (ಐಸ್ ಮೇಲಿಲ್ಲದ ಕಾಲು) ಮುಂದಿನಿಂದ ಹಿಂದಕ್ಕೆ ದಾಟುವ ಜಾಗ ಬಂತೋ, ರೈಲು ಹಳಿಯ ಹಾಗೆ ಎರಡು, ಸುಮಾರು 4 ಮಿ.ಮೀ. ಅಂತರದಲ್ಲಿ. ಅಂದರೆ ಫ್ಲ್ಯಾಟ್: ಬ್ಲೇಡಿನ ಎರಡೂ ಅಂಚು ಐಸ್ ಮುಟ್ಟುತ್ತಿವೆ. ಲಟ್ಜ್ ಎಂಬ ಜಂಪ್ ಹಾರುವುದು ಇದೇ ಎಡ್ಜಿನಿಂದ. ಇಲ್ಲಿ ಫ್ಲ್ಯಾಟ್ ಆದರೆ ಮುಂದಿನ ಹೆಜ್ಜೆ ಇನ್‌ಸೈಡ್, ಲಟ್ಜ್ ಹೋಗಿ ಫ್ಲಟ್ಜ್, ಅಂದರೆ ತಪ್ಪು ಎಡ್ಜಿನ ಲಟ್ಜ್.

ಮೊದಲ ಅನುಮಾನ ಬ್ಲೇಡ್ ಮೇಲೆ. ಹೋದ ಸಲ ಸಾಣೆ ಹಿಡಿದವನಿಗೆ ಹಾಕಿ ಬ್ಲೇಡೂ ಒಂದೇ, ಫಿಗರ್ ಬ್ಲೇಡೂ ಒಂದೇ. ಬ್ಲೇಡ್ ತುದಿಯ ಹಲ್ಲುಗಳಾದ ಟೋ ಪಿಕ್‌ಗೂ ಸಾಣೆಕಲ್ಲಿನ ಒಂದು ಮುತ್ತು ಕೊಟ್ಟು ಕಳಿಸಿದ್ದ, ಪುಣ್ಯಾತ್ಮ. ಬೂಟು ತಲೆಕೆಳಗು ಮಾಡಿ, ಬ್ಲೇಡಿಗೆ ಅಡ್ಡಲಾಗಿ ಉಕ್ಕಿನ ಸ್ಕೇಲ್ ಇಟ್ಟು, ಪಕ್ಕಕ್ಕೆ ಮೂಲೆಮಟ್ಟ ಒತ್ತಿ ನೋಡಿದರೆ ಸ್ಕೇಲ್ ಓರೆ! ಎಡ ಬ್ಲೇಡಿನ ಹೊರ ಅಂಚು ಒಳ ಅಂಚಿಗಿಂತ ತಗ್ಗಿತ್ತು. ಬೇರೆಯವರ ಹತ್ತಿರ ಅರ್ಧ ಇಂಚಿನ ಹಾಲೋಗೆ (ಬ್ಲೇಡಿನ ತಳದ ತೋಡು) ಮತ್ತೆ ಸಾಣೆ. ದುಡ್ಡೂ ಹೋಯಿತು, ಉಕ್ಕೂ ಹೋಯಿತು.

ಮಟ್ಟ ಸರಿಯಾದ ಮೇಲೂ ಹಳಿ ಗಿಡ್ಡವಾಯಿತೇ ಹೊರತು ಮಾಯವಾಗಲಿಲ್ಲ. ರಿಂಕಿನಲ್ಲಿ ಯಾರನ್ನು ಕೇಳಿದರೂ ಒಂದೇ ಉಪದೇಶ: ‘ಇನ್ನೂ ವಾಲು.’ ಸೊಂಟದಲ್ಲಿ ಮುರಿದುಕೊಂಡರೂ ವಾಲಿದ ಹಾಗೇ ಕಾಣುತ್ತದೆ, ಆದರೆ ಬ್ಲೇಡ್ ನೆಟ್ಟಗೆ ನಿಂತಿರುತ್ತದೆ! ಕಣಕಾಲಿಂದ ತಲೆಯವರೆಗೆ ಒಂದೇ ಓರೆಯಿದ್ದರಷ್ಟೇ ಎಡ್ಜ್ ಆಳಕ್ಕಿಳಿಯುವುದು. ವಿಡಿಯೊ ನಿಧಾನ ಮಾಡಿ ನೋಡಿದಾಗ ಕಳ್ಳ ಸಿಕ್ಕಿಬಿದ್ದ: ಫ್ರೀ ಲೆಗ್ ಅಗಲವಾಗಿ ಸುತ್ತಿ ಬರುತ್ತಿತ್ತು, ಆ ಕಡೆಯ ಸೊಂಟ ಕುಸಿದು ಭಾರವನ್ನು ವೃತ್ತದ ಹೊರಗೆಳೆಯುತ್ತಿತ್ತು, ಅದೇ ಕ್ಷಣಕ್ಕೆ ಎಡ ಮಂಡಿಯೂ ಮೇಲೇಳುತ್ತಿತ್ತು. ಈಗ ತೊಡೆಗೆ ತೊಡೆ ಸವರಿಯೇ ದಾಟಿಸುತ್ತೇನೆ. ಕಾಲು ಪೂರ್ತಿ ಹಿಂದೆ ಹೋಗುವವರೆಗೆ ಮಂಡಿಗೆ ಏಳಲು ಅಪ್ಪಣೆಯಿಲ್ಲ. ಅಲ್ಲಿ ಬರುತ್ತಿದ್ದ ಕರಕರ ಸದ್ದೂ ನಿಂತಿದೆ.

ಇದೇ ಊರಲ್ಲಿ ಬೆಳೆದ ಪ್ಯಾಟ್ರಿಕ್ ಚಾನ್ 2011ರಿಂದ 2013ರವರೆಗೆ ಸತತವಾಗಿ ವಿಶ್ವ ಚಾಂಪಿಯನ್. ಆತನ ಹಳೇ ವಿಡಿಯೊಗಳಲ್ಲಿ ಜಂಪ್ ಬಿಟ್ಟು ಮಂಡಿ ಮಾತ್ರ ನೋಡಿ. ಎರಡು ತಳ್ಳಿಗೆ ಅರ್ಧ ರಿಂಕು ದಾಟುವ ಗುಟ್ಟು ಅಲ್ಲಿದೆ.

ಮುಂದಿನ ಹುಚ್ಚು: ಸ್ಕ್ರೈಬ್, ಅಂದರೆ ಐಸ್ ಮೇಲೆ ವೃತ್ತ ಗೀರುವ ದೊಡ್ಡ ಕೈವಾರ. ಐಸ್ ಮೇಲೆ ಎಡ್ಜಿನಿಂದ ವೃತ್ತ ಬಿಡಿಸುವ ಕಂಪಲ್ಸರಿ ಫಿಗರ್ಸ್ 1990ರ ನಂತರ ಅಂತರರಾಷ್ಟ್ರೀಯ ಸ್ಪರ್ಧೆಯಿಂದ ಹೋದರೂ ಎಡ್ಜಿಗೆ ಅದರಂಥ ಮೇಷ್ಟ್ರಿಲ್ಲ. ವೃತ್ತದ ವ್ಯಾಸ ಹೆಚ್ಚುಕಮ್ಮಿ ಸ್ಕೇಟರ್ ಎತ್ತರದ ಮೂರು ಪಟ್ಟು, 163 ಸೆಂ.ಮೀ. ಇರುವ ನನಗೆ ತ್ರಿಜ್ಯ ಸುಮಾರು 2.45 ಮೀಟರ್. ಅಷ್ಟುದ್ದದ ಕೈವಾರ ಸಾಮಾನ್ಯ ಅಂಗಡಿಯಲ್ಲಿ ಸಿಗುವುದಿಲ್ಲ. ಈಜುಕೊಳ ಗುಡಿಸುವ ಉದ್ದ-ಗಿಡ್ಡ ಆಗುವ ಅಲ್ಯೂಮಿನಿಯಂ ಕೋಲಿಗೆ ಎರಡೂ ತುದಿಯಲ್ಲಿ ಮೊಳೆ ಕೂರಿಸುವ ಯೋಚನೆಯಿದೆ. ಮಧ್ಯದಲ್ಲಿ ಬಾಗದಂತೆ ಮಾಡುವ ಉಪಾಯ ಗೊತ್ತಿದ್ದವರು ತಿಳಿಸಿ. ಅದನ್ನು ಹೊತ್ತು ರಿಂಕಿನೊಳಗೆ ಬಿಡಿ ಎಂದು ಮ್ಯಾನೇಜರನ್ನು ಒಪ್ಪಿಸುವ ಉಪಾಯವಿದ್ದರೆ ಅದನ್ನೂ.