ಕಾಫಿ ಕಣದಲ್ಲಿ ಉಪಗ್ರಹದ ಸಿಗ್ನಲ್: ಮಳೆಗಾಲದ ಅಪ್‌ಡೇಟ್

ಹವಾಮಾನ ಉಪಗ್ರಹಗಳು ಕಳಿಸುವ ಚಿತ್ರವನ್ನು ನಮ್ಮ ಕಾಫಿ ತೋಟದಲ್ಲೇ ಆಂಟೆನಾ ಇಟ್ಟು ಹಿಡಿಯುವುದು ನನ್ನ ಹವ್ಯಾಸ. ಕೊನೆಗೂ ಒಂದು ಪೂರ್ತಿ ಚಿತ್ರ ಸಿಕ್ಕಿತು. ರಷ್ಯಾದ ಮೆಟಿಯೋರ್-ಎಂ ಎನ್2-4 ಹವಾಮಾನ ಉಪಗ್ರಹದ್ದು, ಬೆಳಿಗ್ಗೆಯ ಪಾಸ್ (ಅಂದರೆ ಉಪಗ್ರಹ ನಮ್ಮ ಆಕಾಶ ದಾಟಿ ಹೋಗುವ ಹೊತ್ತು). ಶ್ರೀಲಂಕಾದಿಂದ ಗುಜರಾತ್‌ವರೆಗೆ ಕಾಣುತ್ತದೆ. ಮಡಿಕೇರಿ ಹುಡುಕಿದರೆ ಬರೀ ಬಿಳಿ! ಘಟ್ಟದ ಮೇಲೆ ಮೋಡ ಮುದ್ದೆಯಾಗಿ ಕೂತಿದೆ, ಕುಶಾಲನಗರ ದಾಟಿ ಮೈಸೂರು ಕಡೆ ಹೋದ ಹಾಗೆ ಹರಿದುಕೊಂಡಿದೆ.

ಸಾಮಾನು ಹಳೆಯದೇ. ಆಂಟೆನಾಗೆ 53 ಸೆಂ.ಮೀ. ಉದ್ದದ ಎರಡು ಅಲ್ಯುಮಿನಿಯಂ ಕಡ್ಡಿ, ನಡುವೆ 120 ಡಿಗ್ರಿ ಕೋನ, ಲ್ಯಾಪ್‌ಟಾಪ್‌ಗೆ ಚುಚ್ಚುವ ಪುಟ್ಟ ರೇಡಿಯೋ ರಿಸೀವರ್ ಆದ ಒಂದು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್, ಲ್ಯಾಪ್‌ಟಾಪ್, ಸಿಗ್ನಲನ್ನು ಚಿತ್ರ ಮಾಡುವ ಸ್ಯಾಟ್‌ಡಂಪ್ ಸಾಫ್ಟ್‌ವೇರ್. ಅಮೆರಿಕದ ಹವಾಮಾನ ಉಪಗ್ರಹಗಳಾದ ನೋವಾ 15, 18, 19 ಮೂರೂ 2025ರಲ್ಲಿ ಬಂದ್ ಆದವು. ಹಾಗಾಗಿ ಈಗ 137.9 ಮೆಗಾಹರ್ಟ್ಜ್‌ನ ಮೆಟಿಯೋರ್‌ಗಳೇ ಗತಿ.

ಬದಲಾಗಿದ್ದು ಜಾಗ. ತೋಟದೊಳಗೆ ಎಲ್ಲಿ ನಿಂತರೂ ತಲೆ ಮೇಲೆ ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಮೆಟಿಯೋರ್‌ನದು ಡಿಜಿಟಲ್ ಸಿಗ್ನಲ್. ಮರ ಅಡ್ಡ ಬಂದು ಕ್ಷೀಣಿಸಿದರೆ ಚಿತ್ರ ಮಸುಕಾಗುವುದಿಲ್ಲ, ಆ ಭಾಗವೇ ಕಪ್ಪು ಪಟ್ಟಿಯಾಗಿ ಹೋಗುತ್ತದೆ. ಸುತ್ತ ಆಕಾಶ ತೆರೆದಿರುವುದು ಕಾಫಿ ಒಣಗಿಸುವ ಕಣದಲ್ಲಿ ಮಾತ್ರ. ಮಳೆಗಾಲದಲ್ಲಿ ಅದು ಹೇಗೂ ಖಾಲಿ. ಪಾಚಿ ಕಟ್ಟಿರುತ್ತದೆ, ಜಾರದ ಹಾಗೆ ನಡೆಯಬೇಕು ಅಷ್ಟೇ.

ಆ ದಿನ ಜಡಿಮಳೆ. ಒಳಗೆ ಟಿವಿಯಲ್ಲಿ "ಸಿಗ್ನಲ್ ಇಲ್ಲ" ಅಂತ ಬಂದಿತ್ತು. ಹೊರಗೆ ನನ್ನ ಕಡ್ಡಿಗಳಿಗೆ ಮಾತ್ರ ಚೆನ್ನಾಗಿ ಸಿಗುತ್ತಿತ್ತು! ಕಾರಣ ತರಂಗದ ಉದ್ದ. ಡಿಟಿಎಚ್ ತರಂಗ ಎರಡೂವರೆ ಸೆಂ.ಮೀ. ಆಸುಪಾಸು, ಮಳೆಹನಿ ಅದನ್ನು ಹೀರಿ ಚದುರಿಸುತ್ತದೆ. ಮೆಟಿಯೋರ್ ತರಂಗ ಎರಡು ಮೀಟರ್‌ಗಿಂತ ಜಾಸ್ತಿ ಉದ್ದ. ಅದಕ್ಕೆ ನಮ್ಮ ಕೊಡಗಿನ ಮಳೆಯೂ ಲೆಕ್ಕಕ್ಕಿಲ್ಲ.

ಕರೆಂಟ್ ಹೋಗಿದ್ದರೂ ತೊಂದರೆ ಇಲ್ಲ, ಪಾಸ್ ಕಾಲು ಗಂಟೆಯೊಳಗೆ ಮುಗಿಯುತ್ತದೆ. ಉಪಗ್ರಹ ಸುಮಾರು 820 ಕಿ.ಮೀ. ಎತ್ತರದಲ್ಲಿ ಸೆಕೆಂಡಿಗೆ 7.4 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. "ಕೆಳಗೆ ಯಾಕೆ ಬೀಳಲ್ಲ?" ಅಂತ ಪಕ್ಕದ ಮನೆ ಹುಡುಗ ಕೇಳಿದ. ಬೀಳುತ್ತಲೇ ಇದೆ ಮಾರಾಯ! ಒಂದು ಸೆಕೆಂಡಿನಲ್ಲಿ ನಾಲ್ಕು ಮೀಟರ್‌ನಷ್ಟು ಬೀಳುತ್ತದೆ. ಅಷ್ಟರಲ್ಲಿ ಅದು ಮುಂದೆ ಹೋದ ದೂರಕ್ಕೆ ಭೂಮಿಯೂ ಅಷ್ಟೇ ಬಾಗಿರುತ್ತದೆ. ಅಂತರ ಕಮ್ಮಿ ಆಗುವುದೇ ಇಲ್ಲ.

ಮೆಟಿಯೋರ್‌ನ ತೊಂದರೆ ಅಂದರೆ, ಹೋದ ಮೇಲೆ ಮುಂದಿನ ಒಳ್ಳೆ ಪಾಸ್‌ಗೆ ಗಂಟೆಗಟ್ಟಲೆ ಕಾಯಬೇಕು. ಮೋಡ ಎತ್ತ ಸಾಗುತ್ತಿದೆ ಅಂತ ಒಂದು ಚಿತ್ರದಿಂದ ಗೊತ್ತಾಗಲ್ಲ, ಅಲ್ವಾ? ಅದಕ್ಕೆ ಭಾರತದ ಹವಾಮಾನ ಉಪಗ್ರಹ ಇನ್ಸಾಟ್-3ಡಿಎಸ್ ಥರದವು ಬೇಕು. 2024ರ ಫೆಬ್ರವರಿಯಲ್ಲಿ ಹಾರಿದ್ದು. 35,786 ಕಿ.ಮೀ. ಎತ್ತರದಲ್ಲಿ ಭೂಮಿಯ ಜೊತೆಗೇ ಸುತ್ತುವುದರಿಂದ ಸದಾ ನಮ್ಮ ಮೇಲೇ ಇರುತ್ತದೆ, ಅರ್ಧ ಗಂಟೆಗೊಂದು ಚಿತ್ರ. ಇಸ್ರೋ ಇಂಥವನ್ನು ನೋಡಿಕೊಳ್ಳುವುದು ಇಲ್ಲೇ ಪಕ್ಕದ ಹಾಸನದಿಂದ. ಕಾಫಿ ಗಿಡ ಹೂ ಬಿಡಲು ಬೇಕಾದ ಹೂ ಮಳೆಗೆ ಕಾಯುವಾಗ ನಾನು ಫೋನಿನಲ್ಲಿ ದಿಟ್ಟಿಸುವುದು ಇನ್ಸಾಟ್ ಚಿತ್ರವನ್ನೇ. ಮೆಟಿಯೋರ್ ನನ್ನ ಖುಷಿಗೆ.

ಮುಂದಿನ ಕೆಲಸ ಕ್ಯೂಎಫ್‌ಎಚ್, ಅಂದರೆ ಸುರುಳಿಯಾಗಿ ಬಗ್ಗಿಸಿದ ಆಂಟೆನಾ. ಮೆಟಿಯೋರ್ ತರಂಗ ತಿರುಚಿಕೊಂಡು ಬರುತ್ತದೆ, ನೇರ ಕಡ್ಡಿಗೆ ಅದರ ಅರ್ಧ ಶಕ್ತಿ ಮಾತ್ರ ದಕ್ಕುವುದು. ತಾಮ್ರದ ಪೈಪ್ ತಂದಾಗಿದೆ, ಬಗ್ಗಿಸುವುದು ಬಾಕಿ. ಡಿಸೆಂಬರ್‌ಗೆ ಕಣ ಕಾಫಿಗೆ ಬೇಕು. ಅಷ್ಟರೊಳಗೆ ಇದನ್ನು ಮನೆ ಮಾಡಿನ ಮೇಲೆ ಏರಿಸಬೇಕು. ಪಶ್ಚಿಮಕ್ಕೆ ಅಡ್ಡ ಬರುವ ಎರಡು ಓಕ್ ಕೊಂಬೆ ಕಡಿಯಲು ಅಪ್ಪನನ್ನು ಒಪ್ಪಿಸುವುದೂ ಇದೆ.